ಸಾಲ ತೀರಿದ ಮನೆಗೆ ಪತ್ರ ಮಾಡಿಸಿದ ಅನುಭವ

ಅಮೆರಿಕದ ಫಿಲಡೆಲ್ಫಿಯಾ ನಗರದ ಕಪ್ಪು ಜನಾಂಗದ ಬಡಾವಣೆಗಳಲ್ಲಿ ವಸತಿ ಸಲಹೆಗಾರಳಾಗಿರುವ ನನ್ನ ಹೆಚ್ಚಿನ ಸಮಯ ಹೊಸ ಮನೆ ಕೊಡಿಸುವುದಕ್ಕಿಂತ, ಎಂದೋ ಸಾಲ ತೀರಿದ ಮನೆ ಕುಟುಂಬದ ಕೈತಪ್ಪದಂತೆ ನೋಡಿಕೊಳ್ಳುವುದರಲ್ಲೇ ಹೋಗುತ್ತದೆ. 1937ರಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಈ ನಗರದ ನಕ್ಷೆ ಮಾಡಿ, ಕಪ್ಪು ಜನಾಂಗದವರಿದ್ದ ಬೀದಿಗಳಿಗೆ ಸಾಲ ಕೊಡಲು ಅಪಾಯವೆಂಬ ಗುರುತಾಗಿ ಕೆಂಪು ಬಳಿಯಿತು. 1968ರ ನ್ಯಾಯಯುತ ವಸತಿ ಕಾಯ್ದೆ ಬರುವವರೆಗೂ ಅವರಿಗೆ ಸಾಲ ನಿರಾಕರಿಸುವುದಕ್ಕೆ ಕೇಂದ್ರದ ಕಾನೂನಿನ ಅಡ್ಡಿ ಹೆಚ್ಚೇನೂ ಇರಲಿಲ್ಲ. ಅಂಥ ಕಾಲದಲ್ಲೂ ದುಡಿದು ಸಾಲುಮನೆ ಕೊಂಡವರಲ್ಲಿ ಎಷ್ಟೋ ಮಂದಿ ಉಯಿಲು ಬರೆಯದೆ ತೀರಿಕೊಂಡರು. ಸತ್ತವರ ಹೆಸರಿನಲ್ಲೇ ಉಳಿದ ಇಂಥ ಮನೆಗಳು ನಗರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಎಂದು ಪ್ಯೂ ಎಂಬ ಅಧ್ಯಯನ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿತ್ತು.

ನಮ್ಮೂರುಗಳಲ್ಲಿ ಪೌತಿ ಖಾತೆಗಾಗಿ ಅಲೆದವರಿಗೆ ಈ ಸಂಕಟ ಹೊಸದಲ್ಲ. ಪಶ್ಚಿಮ ಫಿಲಡೆಲ್ಫಿಯಾದ ಮಹಿಳೆಯೊಬ್ಬರು ತಾಯಿಯ ಮನೆಯಲ್ಲೇ ಹುಟ್ಟಿ ಬೆಳೆದು, ಕೊನೆಯವರೆಗೂ ತಾಯಿಯನ್ನು ನೋಡಿಕೊಂಡಿದ್ದರು. ಚಾವಣಿ ಸೋರುತ್ತಿದ್ದರೂ ಮನೆಪತ್ರ ಅವರ ಹೆಸರಿನಲ್ಲಿಲ್ಲವೆಂದು ದುರಸ್ತಿ ನೆರವಿನ ಅರ್ಜಿ ವಾಪಸಾಗಿತ್ತು, ವಿಮೆಯೂ ಸಿಕ್ಕಿರಲಿಲ್ಲ.

ನಾನು ಮೊದಲು ನಗರದ ದಾಖಲೆ ಇಲಾಖೆಯಿಂದ ಹಳೆಯ ಮನೆಪತ್ರದ ಪ್ರತಿ ತೆಗೆಸಿ, ಮರಣ ಪ್ರಮಾಣಪತ್ರದೊಂದಿಗೆ ವಂಶವೃಕ್ಷ ಬರೆದುಕೊಂಡೆ. ಈ ನಗರವಿರುವ ಪೆನ್ಸಿಲ್ವೇನಿಯಾ ರಾಜ್ಯದ ಕಾನೂನಿನಂತೆ, ಉಯಿಲೂ ಬದುಕಿರುವ ಸಂಗಾತಿಯೂ ಇಲ್ಲದಿದ್ದರೆ ಮಕ್ಕಳಿಗೆಲ್ಲ ಸಮಪಾಲು. ಹಾಗಾಗಿ ಇವರಿಗೆ ಸಲ್ಲುತ್ತಿದ್ದುದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದೆರಡು ಜಾರ್ಜಿಯಾದಲ್ಲಿದ್ದ ಅಣ್ಣನದು ಮತ್ತು ಮಾತುಬಿಟ್ಟಿದ್ದ ಅಕ್ಕನದು. ಕಾಗದಪತ್ರಕ್ಕಿಂತ ನಿಜಕ್ಕೂ ಕಷ್ಟವಾದದ್ದು ಇವರಿಬ್ಬರ ಒಪ್ಪಿಗೆ. ಯಾರಾದರೂ ಹೂಡಿಕೆದಾರರು ಒಬ್ಬರ ಪಾಲನ್ನು ಅಗ್ಗಕ್ಕೆ ಕೊಂಡು, ವಿಭಾಗದ ದಾವೆ ಹೂಡಿ ಇಡೀ ಮನೆಯನ್ನೇ ಮಾರಾಟಕ್ಕೆ ತರಬಹುದೆಂಬುದನ್ನು ಇಬ್ಬರಿಗೂ ಬೇರೆ ಬೇರೆಯಾಗಿ, ತಾಳ್ಮೆಯಿಂದ ತಿಳಿಸಿದೆ. ಒಡಹುಟ್ಟಿದವರ ನಡುವೆ ಪಾಲು ಬಿಟ್ಟುಕೊಡುವಾಗ ವರ್ಗಾವಣೆ ತೆರಿಗೆ ಇರುವುದಿಲ್ಲ ಎಂಬುದು ಗೊತ್ತಾದ ಮೇಲೆ ಅಣ್ಣ ಒಪ್ಪಿದರು. ಅಕ್ಕ ಒಪ್ಪಿದ್ದು ತಾಯಿಯ ಕೆಲವು ಒಡವೆಗಳು ತನಗೆ ಸೇರಬೇಕೆಂಬ ಮಾತು ಈಡೇರಿದ ನಂತರ. ಅದು ನ್ಯಾಯವೆಂದೇ ನನಗೂ ಅನಿಸಿತು.

ಆಮೇಲೆ ಬಡವರಿಗೆ ಸ್ವಯಂಸೇವಕ ವಕೀಲರನ್ನು ಒದಗಿಸುವ ಫಿಲಡೆಲ್ಫಿಯಾ ವಿಐಪಿ ಸಂಸ್ಥೆಯ ಮೂಲಕ ಉಚಿತವಾಗಿ ದೊರೆತ ವಕೀಲರು ಸಿಟಿ ಹಾಲ್‌ನ ಉಯಿಲು ನೋಂದಣಿ ಕಚೇರಿಯಲ್ಲಿ ಆಸ್ತಿ ನಿರ್ವಹಣೆಯ ಅಧಿಕಾರಪತ್ರ ಪಡೆದರು. ಶುಲ್ಕಗಳಿಗೆ ಇಂಥ ಮನೆಗಳಿಗೆಂದೇ ಇರುವ ನಿಧಿಯಿಂದ ನೆರವಾಯಿತು. ಮಕ್ಕಳಿಗೆ ಬರುವ ಆಸ್ತಿಯ ಮೇಲೆ ರಾಜ್ಯ ಶೇಕಡ 4.5ರಷ್ಟು ಪಿತ್ರಾರ್ಜಿತ ತೆರಿಗೆ ಹಾಕುತ್ತದೆ, ಒಂಬತ್ತು ತಿಂಗಳು ಮೀರಿದರೆ ಬಡ್ಡಿಯೂ ಸೇರುತ್ತದೆ. ಆದರೆ ಲೆಕ್ಕಕ್ಕೆ ಬರುವುದು ಇಂದಿನ ಬೆಲೆಯಲ್ಲ, ತಾಯಿ ತೀರಿಕೊಂಡ ದಿನದ ಬೆಲೆ. ಬೆಲೆಗಳು ಭರದಿಂದ ಏರಿದ ಆ ಬಡಾವಣೆಯಲ್ಲಿ ಇದರಿಂದ ದೊಡ್ಡ ಹೊರೆಯೇ ಇಳಿಯಿತು.

ಈ ಕೆಲಸ ನಡೆಯುತ್ತಿರುವಾಗಲೇ ಸ್ವಂತ ವಾಸದ ಮನೆಗೆ ನಗರ ಕೊಡುವ ಹೋಮ್‌ಸ್ಟೆಡ್ ಎಂಬ ಆಸ್ತಿ ತೆರಿಗೆ ವಿನಾಯಿತಿಗೆ ಷರತ್ತಿನ ಮೇಲೆ ಅರ್ಜಿ ಹಾಕಿಸಿದ್ದೆ. ತೆರಿಗೆ ಹಾಕುವ ಮೌಲ್ಯದಲ್ಲಿ 1,00,000 ಡಾಲರ್ ಕಳೆಯುವುದರಿಂದ ವರ್ಷಕ್ಕೆ ಸುಮಾರು 1,400 ಡಾಲರ್‌ವರೆಗೆ ಉಳಿಯುತ್ತದೆ. ಪತ್ರ ಹೆಸರಿಗಾಗುವ ಮೊದಲೇ ಇದನ್ನು ಕೇಳಬಹುದೆಂದು ಬಹಳ ಜನರಿಗೆ ಗೊತ್ತೇ ಇಲ್ಲ.

ಹೊಸ ಪತ್ರ ನೋಂದಣಿಯಾದ ಕೂಡಲೇ ಆ ಮಹಿಳೆಯಿಂದ ಉಯಿಲು ಬರೆಸಿದೆವು. ಈಗ ಮೊದಲ ಮನೆ ಕೊಳ್ಳಲು ಬರುವವರ ಮುಂದೆಯೂ ಸಾಲದ ಲೆಕ್ಕಕ್ಕಿಂತ ಮೊದಲು ಉಯಿಲಿನ ಮಾತು ಎತ್ತುತ್ತೇನೆ. ಕೆಲವರಿಗೆ ಅದು ಅಪಶಕುನವೆನಿಸುತ್ತದೆ, ಆದರೂ ನಾನು ಬಿಡುವುದಿಲ್ಲ.