ಹ್ಯಾಂಡಲ್ ಹಿಡಿಯಬೇಡಿ, ಬೈಕ್ ಹಿಡಿಯಿರಿ

ಭಾನುವಾರ ಬೆಳಿಗ್ಗೆ ಮಣ್ಣಿನಲ್ಲಿ ಒಂದು ಗಂಟೆ ಬೈಕ್ ಓಡಿಸಿ ಬಂದ ಹುಡುಗರ ಅಂಗೈ ನೋಡಿದ್ದೀರಾ? ಬೆರಳ ಬುಡದಲ್ಲಿ ಬೊಬ್ಬೆ ಎದ್ದಿರುತ್ತದೆ. ಮುಂಗೈ ಕಲ್ಲಿನ ಹಾಗೆ ಬಿಗಿದಿರುತ್ತದೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸೋಕೂ ಬೆರಳು ಬರುವುದಿಲ್ಲ. ಚೆನ್ನಾಗಿ ಓಡಿಸಿದ ಗುರುತು ಇದು ಅಂತ ಅವರು ಖುಷಿಯಾಗಿರುತ್ತಾರೆ. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಹಿರಿಯ ರೈಡರ್ ಒಬ್ಬರು ನನ್ನ ಕೈ ಹಿಡಿದು ನೋಡಿ, "ಲೋ, ಹ್ಯಾಂಡಲ್ ಎಲ್ಲಿಗೂ ಓಡಿ ಹೋಗಲ್ಲ ಕಣೋ, ಸ್ವಲ್ಪ ಬಿಡು. ಬೈಕ್ ಹಿಡ್ಕೊಳೋದು ಮಂಡೀಲಿ" ಅಂದರು.

ಮೋಟೋಕ್ರಾಸ್‌ನಲ್ಲಿ ಅಂದರೆ ಮಣ್ಣಿನ ಟ್ರ್ಯಾಕಿನ ದಿಬ್ಬ, ತಿರುವುಗಳ ಮೇಲೆ ಬೈಕ್ ಓಡಿಸುವ ಆಟದಲ್ಲಿ, ನಾನು ಕಲಿತ ಮುಖ್ಯ ಪಾಠ ಇದೇ. ಬೈಕನ್ನು ಹಿಡಿಯಬೇಕಾದ್ದು ಮಂಡಿ ಮತ್ತು ಪಾದ. ಕೈ ಬರೀ ದಾರಿ ತೋರಿಸಬೇಕು. ಕೆಳಗೆ ಹೇಳುವ ಒಂದೊಂದು ಕೆಲಸ ಮಾಡಿದ ಮೇಲೂ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದರಿಂದ ಕೈ ಮೇಲಿನ ಭಾರ ಇಳಿಯಿತಾ?

ಮೈಸೂರಿಗೆ ಈ ಹುಚ್ಚು ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಇಲ್ಲಿ ಜಾವಾ, ಯೆಜ್ಡಿಗಳು ತಯಾರಾಗುತ್ತಿದ್ದವು. ಜಾವಾದ ತವರು ಅಂದಿನ ಚೆಕೊಸ್ಲೊವಾಕಿಯಾ. ಅದೇ ನಾಡಿನ ಸೀಜೆಡ್ (CZ) ಕಂಪನಿಯ ಬೈಕ್ ಹತ್ತಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964, 1968 ಮತ್ತು 1969ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. ನಮ್ಮೂರಿನ ಬೈಕಿನ ನೆಂಟ ಒಂದು ಕಾಲಕ್ಕೆ ಜಗತ್ತನ್ನೇ ಗೆದ್ದಿತ್ತು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಯಾವ ಬೈಕು?

ಅಪ್ಪಟ ಮೋಟೋಕ್ರಾಸ್ ಬೈಕಿಗೆ ಹೆಡ್‌ಲೈಟೂ ಇಲ್ಲ, ನಂಬರ್ ಪ್ಲೇಟೂ ಇಲ್ಲ. ರಸ್ತೆಗೆ ಇಳಿಸುವಂತಿಲ್ಲ, ಟಾಟಾ ಏಸ್‌ನಲ್ಲಿ ಹೇರಿಕೊಂಡೇ ಹೋಗಬೇಕು. 250 ಸಿಸಿಯದ್ದಾದರೆ ತೂಕ ಸುಮಾರು 105ರಿಂದ 110 ಕೆ.ಜಿ. ಚಕ್ರ ಮೇಲೆ ಕೆಳಗೆ ಆಡುವ ಜಾಗ, ಅಂದರೆ ಟ್ರಾವೆಲ್, 300 ಮಿ.ಮೀ. ಆಸುಪಾಸು. ಆದರೆ ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದು ಹೀರೋ ಎಕ್ಸ್‌ಪಲ್ಸ್ 200ರಂಥ ಬೈಕಿನಲ್ಲಿ. ಅದು 160 ಕೆ.ಜಿ.ಯ ಹತ್ತಿರ ತೂಗುತ್ತದೆ. ಟ್ರಾವೆಲ್ ಮುಂದೆ 190, ಹಿಂದೆ 170 ಮಿ.ಮೀ. ಕಲಿಯೋಕೆ ಧಾರಾಳ ಸಾಕು. ಲೆಕ್ಕ ಬೇರೆಯಾದರೂ ಸೆಟ್ ಮಾಡುವ ರೀತಿ ಒಂದೇ.

ಹ್ಯಾಂಡಲ್ ಮತ್ತು ಲಿವರ್

ಶೋರೂಮಿನಿಂದ ಬರುವ ಬೈಕಿನ ಕ್ಲಚ್, ಬ್ರೇಕ್ ಲಿವರ್‌ಗಳು ಕೂತು ಓಡಿಸುವವರಿಗೆ ಹೊಂದಿಸಿದವು. ನಾವು ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಂತಿರುತ್ತೇವೆ. ಬೈಕನ್ನು ಯಾರಾದರೂ ನೆಟ್ಟಗೆ ಹಿಡಿದುಕೊಳ್ಳಲಿ. ನೀವು ಫುಟ್‌ರೆಸ್ಟ್ ಮೇಲೆ ನಿಂತು, ಮಂಡಿ ಸ್ವಲ್ಪ ಬಾಗಿಸಿ, ಕಣ್ಣು ಮುಚ್ಚಿ ಕೈ ಚಾಚಿ. ಬೆರಳು ನೇರವಾಗಿ ಲಿವರ್ ಮೇಲೆ ಬೀಳಬೇಕು. ಮಣಿಕಟ್ಟು ಮೇಲಕ್ಕೆ ಮುರಿದುಕೊಂಡಂತೆ ಆದರೆ ಲಿವರ್ ತುಂಬಾ ಮೇಲಿದೆ ಅಂತ ಅರ್ಥ. ಕೆಳಕ್ಕೆ ತಿರುಗಿಸಿ. ಹ್ಯಾಂಡಲ್ ಏರುವ ಓರೆ, ಪಕ್ಕದಿಂದ ನೋಡಿದರೆ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಓರೆಗೆ ಹೆಚ್ಚುಕಮ್ಮಿ ಸಮನಾಗಿರಲಿ. ಹೊಟ್ಟೆ ಕಡೆಗೆ ಎಳೆದುಕೊಂಡರೆ ಮೊಣಕೈ ಕೆಳಗೆ ಬೀಳುತ್ತದೆ, ಭುಜದ ಬಲ ಹೋಗುತ್ತದೆ.

ಲಿವರ್‌ನ ಕ್ಲ್ಯಾಂಪನ್ನು ಗ್ರಿಪ್ಪಿನಿಂದ ಒಂದಿಷ್ಟು ಒಳಕ್ಕೆ ಸರಿಸಿ. ಒಂದೇ ಬೆರಳು ಲಿವರ್ ತುದಿಗೆ ಸಿಗಬೇಕು. ಉಳಿದ ಮೂರು ಗ್ರಿಪ್ ಮೇಲಿರಲಿ. ಕ್ಲ್ಯಾಂಪ್ ಕೆಳಗೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಎರಡು ಸುತ್ತು ಸುತ್ತಿ ಬೋಲ್ಟ್ ಹಾಕಿ. ಓಡಿಸುವಾಗ ಅಲುಗಬಾರದು, ಅಂಗೈಯಿಂದ ಜೋರಾಗಿ ಹೊಡೆದರೆ ಮಾತ್ರ ತಿರುಗಬೇಕು. ಅಷ್ಟು ಬಿಗಿ ಸಾಕು. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ನಾನು ಇದನ್ನು ಕಲಿತದ್ದು ಪಾಂಡವಪುರದ ಹತ್ತಿರ ನಾಲೆ ಏರಿ ಮೇಲೆ, ಮುರಿದ ಕ್ಲಚ್ ಲಿವರ್ ಜೇಬಿನಲ್ಲಿಟ್ಟುಕೊಂಡು ಎರಡು ಕಿಲೋಮೀಟರ್ ಬೈಕ್ ತಳ್ಳಿದ ಮಧ್ಯಾಹ್ನ.

ಸ್ಯಾಗ್: ಟೇಪ್ ಹಿಡಿದು ಅಳೆಯಿರಿ

ದುಡ್ಡಿಲ್ಲದೆ ಬೈಕ್ ಬದಲಾಯಿಸುವ ದಾರಿ ಯಾವುದಾದರೂ ಇದ್ದರೆ ಅದು ಇದೇ. ನೀವು ಹತ್ತಿದಾಗ ಬೈಕಿನ ಹಿಂಭಾಗ ಎಷ್ಟು ಕುಸಿಯುತ್ತದೆ ಅನ್ನುವುದೇ ಸ್ಯಾಗ್. ಒಟ್ಟು ಟ್ರಾವೆಲ್‌ನ ಮೂರರಲ್ಲಿ ಒಂದು ಪಾಲು ಕುಸಿಯಬೇಕು ಅನ್ನುವುದು ಸರಳ ಲೆಕ್ಕ. ದೊಡ್ಡ ಮೋಟೋಕ್ರಾಸ್ ಬೈಕಿಗೆ 95ರಿಂದ 105 ಮಿ.ಮೀ. 170 ಮಿ.ಮೀ. ಟ್ರಾವೆಲ್ ಇದ್ದರೆ 50ರಿಂದ 57.

ಇದಕ್ಕೆ ಮೂರು ಜನ ಬೇಕು. ಮೊದಲು ಬೈಕನ್ನು ಗಟ್ಟಿ ಪೆಟ್ಟಿಗೆ ಮೇಲೆ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಹಿಂದಿನ ಆಕ್ಸಲ್ ನಟ್ಟಿನಿಂದ ನೇರ ಮೇಲಕ್ಕೆ, ಸೈಡ್ ಪ್ಯಾನೆಲ್ ಮೇಲೆ ಮಾರ್ಕರಿನಿಂದ ಒಂದು ಚುಕ್ಕಿ ಇಡಿ. ಆಕ್ಸಲ್‌ನಿಂದ ಚುಕ್ಕಿಯವರೆಗೆ ಅಳೆಯಿರಿ. 520 ಮಿ.ಮೀ. ಬಂತು ಅನ್ನಿ. ಈಗ ಬೈಕ್ ಇಳಿಸಿ. ಹೆಲ್ಮೆಟ್, ಬೂಟು, ಗಾರ್ಡು ಎಲ್ಲಾ ಹಾಕಿಕೊಂಡು ಹತ್ತಿ ಫುಟ್‌ರೆಸ್ಟ್ ಮೇಲೆ ನಿಲ್ಲಿ. ಒಬ್ಬರು ಮುಂದಿನಿಂದ ಬೈಕ್ ಹಿಡಿಯಲಿ. ನೀವು ಎರಡು ಮೂರು ಸಲ ಕುಲುಕಿ ಮೆಲ್ಲಗೆ ನಿಂತ ಮೇಲೆ ಇನ್ನೊಬ್ಬರು ಮತ್ತೆ ಅಳೆಯಲಿ. 465 ಬಂದರೆ ಸ್ಯಾಗ್ 55. ಸರಿಯಾಗಿದೆ. 75 ಬಂದರೆ ಪ್ರೀಲೋಡ್, ಅಂದರೆ ಹಿಂದಿನ ಶಾಕಿನ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ, ಹೆಚ್ಚು ಮಾಡಿ, 35 ಬಂದರೆ ಸಡಿಲಿಸಿ.

ಸ್ಯಾಗ್ ಜಾಸ್ತಿಯಾದರೆ ಹಿಂಭಾಗ ಕೂತು ಮೂತಿ ಮೇಲಕ್ಕೆ ಎದ್ದಿರುತ್ತದೆ. ಮುಂದಿನ ಚಕ್ರಕ್ಕೆ ಭಾರ ಸಿಗದೆ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ. ಆಗ ನೀವು ಹ್ಯಾಂಡಲನ್ನು ಎಳೆದು ತಿರುಗಿಸೋಕೆ ಹೋಗುತ್ತೀರಿ, ಬೊಬ್ಬೆ ಅಲ್ಲಿಂದ ಶುರು. ಕಡಿಮೆಯಾದರೆ ಮೂತಿ ಕೆಳಗೆ ಬಾಗಿ, ವೇಗದಲ್ಲಿ ಹ್ಯಾಂಡಲ್ ಆ ಕಡೆ ಈ ಕಡೆ ಒದರುತ್ತದೆ. ಅದನ್ನು ತಡೆಯೋಕೂ ಕೈಯೇ ಬೇಕು.

ಕೊನೆಗೆ ಯಾರೂ ಹತ್ತದೆ, ಬೈಕಿನ ತೂಕಕ್ಕೆ ಮಾತ್ರ ಎಷ್ಟು ಕುಸಿಯುತ್ತದೆ ನೋಡಿ. ದೊಡ್ಡ ಬೈಕಿಗೆ 30ರಿಂದ 40 ಮಿ.ಮೀ. ಇರಬೇಕು. ನೀವು ಹತ್ತಿದಾಗ ಲೆಕ್ಕ ಸರಿ ಬಂದು, ಖಾಲಿ ಬೈಕು ಕುಸಿಯುವುದೇ ಇಲ್ಲ ಅಂದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದುವಾಯಿತು. ಪ್ರೀಲೋಡ್ ಬಿಗಿ ಮಾಡಿ ಮಾಡಿ ಸರಿಹೋಗಲ್ಲ, ಗಟ್ಟಿ ಸ್ಪ್ರಿಂಗನ್ನೇ ಹಾಕಿಸಬೇಕು.

ರಿಬೌಂಡ್ (ಕುಸಿದ ಶಾಕ್ ವಾಪಸ್ ಏಳುವ ವೇಗ), ಕಂಪ್ರೆಷನ್ (ಅದು ಕುಸಿಯುವ ವೇಗ) ಹೊಂದಿಸುವ ಸ್ಕ್ರೂ ಇರುವ ಬೈಕಾದರೆ ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡೇ ಕ್ಲಿಕ್. ಉಬ್ಬು ದಾಟಿದ ಮೇಲೆ ಹಿಂಭಾಗ ಒದ್ದ ಹಾಗೆ ಎದ್ದರೆ ರಿಬೌಂಡ್ ನಿಧಾನ ಮಾಡಿ. ಸಾಲು ಉಬ್ಬುಗಳಲ್ಲಿ ಹೋಗ್ತಾ ಹೋಗ್ತಾ ಬೈಕ್ ಕುಗ್ಗಿ ಗಟ್ಟಿಯಾದರೆ ವೇಗ ಮಾಡಿ. ಮಾಡಿದ್ದನ್ನೆಲ್ಲಾ ಒಂದು ಪಾಕೆಟ್ ಬುಕ್ಕಿನಲ್ಲಿ ಬರೆದಿಡಿ.

ಟೈರು, ಚೈನು, ಸ್ಪೋಕ್ಸು

ಪಂಚರ್ ಅಂಗಡಿಯಲ್ಲಿ ಪಾಯಿಂಟ್ ಅಂತೀವಲ್ಲ, ಆ ಲೆಕ್ಕದಲ್ಲಿ ಮೋಟೋಕ್ರಾಸ್ ಟೈರಿಗೆ 12ರಿಂದ 15 ಸಾಕು. ಮೈಸೂರು ಸುತ್ತಿನ ಗರಸು ಬೆರೆತ ಗಟ್ಟಿ ಕೆಂಪು ನೆಲಕ್ಕೆ 14–15. ಮಂಡ್ಯದ ಕಡೆ ನಾಲೆ ನೀರು ಕುಡಿದ ಜೇಡಿಯಲ್ಲಿ 12ಕ್ಕೆ ಇಳಿಸಬಹುದು. ಆದರೆ ಟೈರನ್ನು ರಿಮ್ಮಿಗೆ ಬಿಗಿಯಾಗಿ ಹಿಡಿದಿಡುವ ರಿಮ್ ಲಾಕ್ ಇರಲೇಬೇಕು. ಇಲ್ಲದಿದ್ದರೆ ಟೈರ್ ರಿಮ್ ಮೇಲೆ ಜಾರಿ, ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತು ಬರುತ್ತದೆ. ರಿಮ್ ಲಾಕ್ ಇಲ್ಲದ, ಭಾರದ ಬೈಕನ್ನು ನಾನು 18ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಮನೆಗೆ ರಸ್ತೆಯಲ್ಲಿ ವಾಪಸ್ ಹೊರಡುವ ಮುಂಚೆ ಗಾಳಿ ತುಂಬಿಸಿಕೊಳ್ಳಿ. ಪಂಪ್ ಜೊತೆಗಿರಲಿ.

ಚೈನ್ ಎಷ್ಟು ಸಡಿಲ ಇರಬೇಕು ಅಂತ ಬೈಕಿನ ಪುಸ್ತಕದಲ್ಲಿದೆ, ಅದರಂತೆ ಮಾಡಿ. ಬಿಗಿ ಮಾಡಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಶಾಕ್ ಕುಸಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಸ್ಪೋಕ್ಸನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಟಿಣ್ ಅಂದರೆ ಸರಿ, ಡಬ್ ಅಂದರೆ ಸಡಿಲ.

ಈಗ ನಿಲ್ಲೋಣ

ಪಾದದ ಮುಂಭಾಗ, ಬೆರಳುಗಳ ಹಿಂದಿನ ಉಬ್ಬು, ಫುಟ್‌ರೆಸ್ಟ್ ಮೇಲಿರಲಿ. ಮಂಡಿ ಬಾಗಿರಲಿ, ಟ್ಯಾಂಕನ್ನು ಒತ್ತಿರಲಿ. ಸೊಂಟದಿಂದ ಮುಂದಕ್ಕೆ ಬಾಗಿ, ಮೊಣಕೈ ಹೊರಗೆ ಎತ್ತಿ, ತಲೆ ಹ್ಯಾಂಡಲಿನ ಮೇಲೆ ಬರಲಿ. ನಮ್ಮ ಕಡೆ ತೆಂಗಿನ ಮರ ಹತ್ತುವವರನ್ನು ನೋಡಿ. ಮರವನ್ನು ಹಿಡಿಯುವುದು ಕಾಲು. ಕೈ ಬಿಟ್ಟು ಮಚ್ಚು ಬೀಸಿದರೂ ಬೀಳುವುದಿಲ್ಲ.

ಅಭ್ಯಾಸ ಹೀಗಿರಲಿ. ಎರಡನೇ ಗೇರಿನಲ್ಲಿ, ಸಮ ನೆಲದಲ್ಲಿ, ನಿಂತು ಮೆಲ್ಲಗೆ ಹೋಗಿ. ಈಗ ಎಡಗೈಯ ಬೆರಳು ಬಿಚ್ಚಿ, ಅಂಗೈ ಮಾತ್ರ ಗ್ರಿಪ್ ಮೇಲಿಡಿ. ಎಕ್ಸಿಲರೇಟರ್ ಸ್ವಲ್ಪ ಕೊಡಿ. ಮೈ ಹಿಂದಕ್ಕೆ ಎಳೆದುಕೊಂಡಿತಾ? ಹಾಗಾದರೆ ಮಂಡಿ ಕೆಲಸ ಮಾಡುತ್ತಿಲ್ಲ, ಎದೆ ಇನ್ನೂ ಮುಂದೆ ಬರಬೇಕು. ಬೆರಳು ಬಿಚ್ಚಿಕೊಂಡೇ ವೇಗ ಹೆಚ್ಚಿಸಿ, ತಗ್ಗಿಸಿ ಮಾಡುವಷ್ಟು ಬರುವವರೆಗೂ ಬೇರೆ ಏನೂ ಬೇಡ. ಎರಡು ಭಾನುವಾರ ಬೇಕಾದೀತು. ಬೇಸರ ಮಾಡಿಕೊಳ್ಳಬೇಡಿ.

ತಿರುವು

ಎರಡು ಹಳೇ ಟೈರುಗಳನ್ನು ಹದಿನೈದು ಮೀಟರ್ ದೂರದಲ್ಲಿಟ್ಟು ಎಂಟರ ಆಕಾರದಲ್ಲಿ ಸುತ್ತಿ. ನೇರ ದಾರಿಯಲ್ಲಿ ನಿಂತೇ ಬ್ರೇಕ್ ಹಿಡಿಯಿರಿ. ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯ ಅಂತ ಮನೆಯಲ್ಲಿ ಹೇಳಿ ಬೆಳೆಸಿರುತ್ತಾರೆ. ಅದು ಜಗ್ಗಿ ಹಿಡಿದಾಗ ಮಾತ್ರ. ವೇಗ ಇಳಿಯುವಾಗ ಭಾರವೆಲ್ಲಾ ಮುಂದಿನ ಚಕ್ರಕ್ಕೆ ಬರುತ್ತದೆ, ಹಾಗಾಗಿ ಬೈಕನ್ನು ನಿಜವಾಗಿ ನಿಲ್ಲಿಸುವುದು ಅದೇ ಬ್ರೇಕು. ಒಂದು ಬೆರಳಿನಲ್ಲಿ, ನಿಂಬೆಹಣ್ಣು ಹಿಂಡಿದಂತೆ ಮೆಲ್ಲಗೆ ಶುರು ಮಾಡಿ ಹೆಚ್ಚಿಸಿ.

ಬ್ರೇಕ್ ಮುಗಿಯುತ್ತಲೇ ಕೂರಿ, ಟ್ಯಾಂಕಿಗೆ ಅಂಟಿಕೊಂಡಷ್ಟು ಮುಂದೆ. ಒಳಗಡೆಯ ಕಾಲನ್ನು ಮುಂದಿನ ಚಕ್ರದ ಕಡೆಗೆ ಚಾಚಿ. ನೆಲಕ್ಕೆ ಊರುಗೋಲಿನ ಹಾಗೆ ಊರಬೇಡಿ, ಮಂಡಿ ತಿರುಚಿಕೊಳ್ಳುತ್ತದೆ. ಬೈಕನ್ನು ನಿಮ್ಮ ಕೆಳಗೆ ವಾಲಿಸಿ, ನೀವು ನೆಟ್ಟಗಿರಿ. ಹೊರಗಡೆಯ ಫುಟ್‌ರೆಸ್ಟನ್ನು ಬಲವಾಗಿ ಒತ್ತಿ. ಟೈರಿನ ಅಂಚಿನ ರಬ್ಬರ್ ಉಬ್ಬುಗಳು ಮಣ್ಣಿಗೆ ಕಚ್ಚುವುದು ಈ ಒತ್ತಡದಿಂದಲೇ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ತಿರುವು ಮುಗಿಯುವ ಜಾಗದ ಮೇಲಿರಲಿ.

ಜಂಪ್

ಇಲ್ಲಿ ಆತುರ ಬೇಡ. ನಾನು ಪಟ್ಟ ಆತುರಕ್ಕೆ ಆರು ವಾರ ಕತ್ತಿಗೆ ಕೈ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದೆ. ಸೊಂಟದೆತ್ತರದ ದಿಬ್ಬ. ತುದಿಗೆ ಬಂದಾಗ ಹೆದರಿ ಎಕ್ಸಿಲರೇಟರ್ ಪೂರ್ತಿ ಬಿಟ್ಟೆ. ಮೂತಿ ಕೆಳಗಾಯಿತು. ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿಯಿತು, ನಾನು ಹ್ಯಾಂಡಲ್ ಮೇಲಿಂದ ಹಾರಿ ಭುಜದ ಮೇಲೆ ಬಿದ್ದೆ.

ಯಾಕೆ ಹಾಗಾಯಿತು ಅಂತ ತಿಳಿದರೆ ಭಯ ಅರ್ಧ ಇಳಿಯುತ್ತದೆ. ಗಾಳಿಯಲ್ಲಿ ಬೈಕಿಗೆ ನೆಲದ ಆಸರೆ ಇಲ್ಲ. ತಿರುಗುತ್ತಿರುವ ಹಿಂದಿನ ಚಕ್ರವನ್ನು ನಿಧಾನ ಮಾಡಿದರೆ ಅದರ ತಿರುಗುವಿಕೆ ಇಡೀ ಬೈಕಿಗೆ ಹೋಗುತ್ತದೆ, ಮೂತಿ ಕೆಳಗಿಳಿಯುತ್ತದೆ. ಚಕ್ರದ ವೇಗ ಹೆಚ್ಚಿಸಿದರೆ ಬೈಕು ಎದುರು ದಿಕ್ಕಿಗೆ ತಿರುಗಿ ಮೂತಿ ಮೇಲೇಳುತ್ತದೆ. ಹಾಗಾಗಿ ಮೂತಿ ಇಳಿಯುತ್ತಿದ್ದರೆ ಎಕ್ಸಿಲರೇಟರ್ ಕೊಡಿ. ತೀರಾ ಮೇಲೆದ್ದರೆ ಕ್ಲಚ್ ಹಿಡಿದು ಹಿಂದಿನ ಬ್ರೇಕ್ ಒತ್ತಿ. ಕ್ಲಚ್ ಮರೆತರೆ ಇಂಜಿನ್ ಆಫ್ ಆಗುತ್ತದೆ.

ಕಲಿಯೋಕೆ ಮೇಲೆ ಚಪ್ಪಟೆ ಇರುವ ದಿಬ್ಬವೇ ಬೇಕು. ನಡುವೆ ಹಳ್ಳ ಇರುವ ಜೋಡಿ ದಿಬ್ಬ ಬೇಡ. ಮೊದಲು ನಡೆದು ನೋಡಿ, ಆಚೆ ಕಲ್ಲಿದೆಯಾ, ಮಕ್ಕಳು ಆಡುತ್ತಿದ್ದಾರಾ ಅಂತ. ದಿಬ್ಬ ಹತ್ತುವಾಗ ನಿಂತು, ತುದಿ ಬಿಡುವವರೆಗೆ ಎಕ್ಸಿಲರೇಟರ್ ಒಂದೇ ಸಮ. ಇಳಿಯುವಾಗ ಸ್ವಲ್ಪ ಕೊಟ್ಟೇ ಇಳಿಯಿರಿ, ಮಂಡಿ ಸ್ಪ್ರಿಂಗಿನ ಕೆಲಸ ಮಾಡಲಿ.

ಎಲ್ಲಿ ಓಡಿಸೋದು?

ಬೀಳು ಜಮೀನು ಒಳ್ಳೆಯದು, ಯಜಮಾನರನ್ನು ಕೇಳಿದ ಮೇಲೆ. ಕಬ್ಬು ಕಡಿದ ಗದ್ದೆ ಖಾಲಿ ಅಂದುಕೊಂಡು ನುಗ್ಗಬೇಡಿ. ಅಲ್ಲಿ ಕೂಳೆ ಚಿಗುರುತ್ತಿರುತ್ತದೆ, ರೈತರ ಮುಂದಿನ ಬೆಳೆ ಅದು. ನಾಲೆ ಏರಿ, ಕೆರೆ ಏರಿ ಬೇಡವೇ ಬೇಡ. ದುಡ್ಡು ಕೂಡಿಸಿಕೊಂಡರೆ ಕೋಲಾರದ ಹತ್ತಿರ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕಿನಲ್ಲಿ ಕಲಿಯಬಹುದು. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅವರು. ಹೆಲ್ಮೆಟ್, ಗಾಗಲ್ಸ್, ಎದೆ ಮತ್ತು ಮಂಡಿಯ ಗಾರ್ಡ್, ಮೊಣಕಾಲವರೆಗಿನ ಬೂಟು ಇಲ್ಲದೆ ಬೈಕ್ ಹತ್ತಬೇಡಿ. ಒಬ್ಬರೇ ಹೋಗಲೂಬೇಡಿ.

ಮನೆಗೆ ಬಂದ ಮೇಲೆ ಏರ್ ಫಿಲ್ಟರ್ ಬಿಚ್ಚಿ. ಫೋಮ್ ಫಿಲ್ಟರ್ ಆದರೆ ಕ್ಲೀನರ್ ಹಾಕಿ ಹಿಸುಕಿ ತೊಳೆಯಿರಿ. ಬಟ್ಟೆ ಹಿಂಡಿದಂತೆ ತಿರುಚಬೇಡಿ, ಹರಿಯುತ್ತದೆ. ನೆರಳಲ್ಲಿ ಒಣಗಿಸಿ, ಫಿಲ್ಟರ್ ಎಣ್ಣೆಯನ್ನು ಎಲ್ಲಾ ಕಡೆ ಹರಡುವಂತೆ ಸವರಿ, ಜಾಸ್ತಿಯಾದದ್ದನ್ನು ಹಿಸುಕಿ ತೆಗೆಯಿರಿ. ಒಂದೇ ಬೆಳಗಿನ ಓಟಕ್ಕೆ ಬಕೆಟ್ಟಿನ ನೀರು ಹೇಗೆ ಕೆಂಪಾಗುತ್ತದೆ ನೋಡಿ. ಫಿಲ್ಟರ್ ತಡೆಯದಿದ್ದರೆ ಆ ಕೆಂಪೆಲ್ಲಾ ಪಿಸ್ಟನ್ ಹತ್ತಿರ ಇರುತ್ತಿತ್ತು.