ಮಳೆಗಾಲದಲ್ಲಿ ಪಿಸ್ಟನ್, ಕನೆಕ್ಟಿಂಗ್ ರಾಡ್ ಜೋಡಿಸುವವರಿಗೆ

ತೀರ್ಥಹಳ್ಳಿಯಲ್ಲಿ, ಮನೆ ಹಿಂದಿನ ಶೆಡ್‌ನಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಒಂದನ್ನು ಪುಟ್ಟ ವಿಮಾನಕ್ಕೆ ಹೊಂದಿಸುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಒಂದಷ್ಟು ಮಾತು.

ಮೊದಲು ತೂಕ. ಅಡಿಕೆ ತೂಗುವ ತಕ್ಕಡಿ ಸಾಲದು, ಗ್ರಾಂ ಲೆಕ್ಕ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಸಿಲಿಂಡರ್ ಒಳಗೆ ಹಿಂದೆ ಮುಂದೆ ಓಡಾಡುವ ನಾಲ್ಕು ಪಿಸ್ಟನ್‌ಗಳ ನಡುವೆ 10 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಾನಂತೂ 1 ಗ್ರಾಂ ಒಳಗೆ ತರುತ್ತೇನೆ. ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಎರಡೂ ತುದಿಗಳನ್ನು ಬೇರೆ ಬೇರೆ ತೂಗಿ. ಒಟ್ಟು ತೂಕ ಸರಿಯಿದ್ದರೂ ತುದಿಗಳಲ್ಲಿ ಹೆಚ್ಚುಕಮ್ಮಿ ಇದ್ದರೆ ಎಂಜಿನ್ ನಡುಗುತ್ತದೆ. ರಾಡ್ ಮತ್ತು ಅದರ ಕ್ಯಾಪ್ (ದೊಡ್ಡ ತುದಿಗೆ ಬೋಲ್ಟ್ ಆಗುವ ಅರ್ಧ ಬಳೆ) ಮೇಲಿನ ನಂಬರ್ ಒಂದೇ ಇರಬೇಕು, ಒಂದೇ ಬದಿಗೆ ಬರಬೇಕು.

ಪಿಸ್ಟನ್ನಿಗೂ ರಾಡ್‌ಗೂ ಕೊಂಡಿಯಾದ ಪಿನ್ ಬಿಗಿ ಅಂತ ಸುತ್ತಿಗೆಯಿಂದ ಹೊಡೆಯಬೇಡಿ, ರಾಡ್ ಬಾಗುತ್ತದೆ. ಪಿಸ್ಟನ್ ಸ್ವಲ್ಪ ಬಿಸಿ ಮಾಡಿ, ಪಿನ್ ಸಲೀಸಾಗಿ ಜಾರುತ್ತದೆ. ಪಿಸ್ಟನ್ ತಲೆಯ ಬಾಣದ ಗುರುತು ಫ್ಲೈವೀಲ್ (ಕ್ರ್ಯಾಂಕ್ ದಂಡದ ತುದಿಯ ಭಾರದ ಚಕ್ರ) ಕಡೆಗಿರಲಿ. ಪಿನ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ, ಅಂದರೆ ಸರ್‌ಕ್ಲಿಪ್, ಯಾವಾಗಲೂ ಹೊಸದು. ಹಾಕುವಾಗ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ದಂಡ ಕೂರುವ ಎಂಜಿನ್ ಪೆಟ್ಟಿಗೆ) ಬಾಯಿಗೆ ಶುಭ್ರ ಬಟ್ಟೆ ತುರುಕಿ. ಒಮ್ಮೆ ನನ್ನ ಕ್ಲಿಪ್ ಚಿಮ್ಮಿ ಒಳಗೆ ಬಿದ್ದು ಇಡೀ ಸಂಜೆ ಹುಡುಕಿದ್ದೆ.

ನಮ್ಮ ಕಡೆ ತೇವ ಗೊತ್ತೇ ಇದೆ ಅಲ್ವಾ? ಬರಿಗೈಯಲ್ಲಿ ಮುಟ್ಟಿದ ಪಿನ್ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಯಬಹುದು. ಕೆಲಸ ನಿಲ್ಲಿಸಿದ ಕೂಡಲೇ ಎಣ್ಣೆ ಸವರಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ.