ಮಳೆಗಾಲದ ಲ್ಯಾಬ್‌ನಲ್ಲಿ ಯೀಸ್ಟ್ ಮತ್ತು ಮೆಥಿಲೀನ್ ಬ್ಲೂ: ನನ್ನ ಅನುಭವ

ಜುಲೈ ತಿಂಗಳ ಉಡುಪಿಯಲ್ಲಿ, ಬೆಳಕಿಗೆ ಆಮ್ಲಜನಕದ ಗುಳ್ಳೆ ಬಿಡುವ ಹೈಡ್ರಿಲ್ಲಾ ಎಂಬ ನೀರುಗಿಡ ನಂಬಿಕೊಂಡು ಲ್ಯಾಬ್ ಮಾಡಲು ಆಗುವುದಿಲ್ಲ. ಬಿಸಿಲೇ ಇಲ್ಲದ ಮೇಲೆ ಗುಳ್ಳೆ ಎಲ್ಲಿಂದ ಬರಬೇಕು? ಟೇಬಲ್ ಲ್ಯಾಂಪ್ ಇಟ್ಟೆ, ನೀರಿಗೆ ಸೋಡಾಪುಡಿ ಹಾಕಿದೆ. ಗುಳ್ಳೆ ಬಂತು, ಆದರೆ ಹಿಂದಿನ ಬೆಂಚಿನವರಿಗೆ ಕಾಣುವಷ್ಟಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಬಸಳೆ ಎಲೆಯಿಂದ ಬಿಲ್ಲೆ ಕತ್ತರಿಸಿ, ಸಿರಿಂಜಿನಲ್ಲಿ ಗಾಳಿ ಎಳೆದು ಮುಳುಗಿಸಿ, ಬೆಳಕಿಗೆ ಬರುವ ಆಮ್ಲಜನಕದಿಂದ ತೇಲಿಸುವುದನ್ನೂ ನೋಡಿದೆ. ಲೋಳೆಗೆ ಬಿಲ್ಲೆಗಳೆಲ್ಲ ಒಂದಕ್ಕೊಂದು ಅಂಟಿ ಕೂತವು.

ಹಾಗಂತ ಪ್ರಥಮ ಪಿಯುಸಿ ಮಕ್ಕಳಿಗೆ ನೀರುಳ್ಳಿ ಸಿಪ್ಪೆ ತೋರಿಸಿ, ಜೀವಕೋಶ ಅಂದರೆ ಇದೇ ಅಂತ ಮುಗಿಸುವುದು ನನಗೆ ಸರಿ ಕಾಣುತ್ತಿರಲಿಲ್ಲ. ಕೋಶ ತಿನ್ನುತ್ತದೆ, ಶಕ್ತಿ ತೆಗೆಯುತ್ತದೆ ಅನ್ನುವುದು ಅವರ ಕಣ್ಣಿಗೆ ಬೀಳಬೇಕು. ಬ್ರೆಡ್ ಉಬ್ಬಿಸುವ ಯೀಸ್ಟ್ ಮತ್ತು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಇಟ್ಟು ಮಾಡುತ್ತೇನೆ ಅಂದೆ. ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು, "ಎಂತ ಮಾರಾಯ್ರೆ, ಒಂದು ಗಂಟೆಯ ಲ್ಯಾಬಲ್ಲಿ ಅದೆಲ್ಲ ಆಗುವುದಾ?" ಅಂದರು.

ಮೊದಮೊದಲು ಆಗಲೂ ಇಲ್ಲ. ಮಳೆಗಾಲದ ತಣ್ಣನೆ ನೀರಿನಲ್ಲಿ ಯೀಸ್ಟ್ ಏಳುವುದೇ ಇಲ್ಲ. ಅಂಗಡಿಯವರು ಕೊಟ್ಟ ಒಂದು ಪ್ಯಾಕೆಟ್ ಪೂರ್ತಿ ಸತ್ತಿತ್ತು. ಈ ಸೆಕೆ, ಈ ತೇವಕ್ಕೆ ತೆರೆದ ಪ್ಯಾಕೆಟ್ ಬಾಳುವುದಿಲ್ಲ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲೇ ಇಡಬೇಕು. ಲ್ಯಾಬ್ ಸಾಮಾನು ಮಾರುವವರು ಮೆಥಿಲೀನ್ ಬ್ಲೂ ಪುಡಿಯ ದೊಡ್ಡ ಡಬ್ಬಿಯನ್ನೇ ತೆಗೆದುಕೊಳ್ಳಬೇಕು ಅಂದರು, ಮುನ್ನೂರರ ಮೇಲೆ. ಮಂಗಳೂರಿನಲ್ಲಿ ಅಕ್ವೇರಿಯಂ ಅಂಗಡಿಗೆ ಹೋದರೆ ಅದೇ ಬಣ್ಣ, ಮೀನಿಗೆ ಫಂಗಸ್ ಬಂದಾಗ ಹಾಕುವುದು, ಸಣ್ಣ ಬಾಟ್ಲಿಗೆ ಐವತ್ತು ರೂಪಾಯಿ ಹತ್ತಿರ. ಯೀಸ್ಟ್ ಇನ್ನೊಂದು ನಲವತ್ತು. ಇಡೀ ಬ್ಯಾಚಿಗೆ ನೂರೈವತ್ತು ದಾಟಲಿಲ್ಲ, ಬಾಟ್ಲಿಯಲ್ಲಿ ಬಣ್ಣ ಇನ್ನೂ ಇದೆ.

ಈಗ ಮಾಡುವುದು ಹೀಗೆ. ಮನೆಯಿಂದ ಫ್ಲಾಸ್ಕ್‌ನಲ್ಲಿ ಬಿಸಿನೀರು. ಅದನ್ನು 38-40 ಡಿಗ್ರಿಗೆ ತಂದು, 50 ಮಿಲೀಗೆ ಒಂದು ಚಮಚ ಯೀಸ್ಟ್, ಒಂದು ಚಮಚ ಸಕ್ಕರೆ. ಅರ್ಧವನ್ನು ಚೆನ್ನಾಗಿ ಕುದಿಸಿ ಆರಿಸಿಡುತ್ತೇನೆ. ಎರಡೂ ಟೆಸ್ಟ್ ಟ್ಯೂಬಿಗೆ ತೆಳು ಮಾಡಿದ ಬಣ್ಣ. ಎಷ್ಟು ತೆಳು ಅನ್ನುವುದರಲ್ಲೇ ಕೆಲಸ ಇರುವುದು, ಅದನ್ನು ನೀವೇ ನೋಡಿಕೊಳ್ಳಿ. ಲ್ಯಾಬ್ ಶುರುವಾಗುವ ಮೊದಲು ಯೀಸ್ಟಿಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನೂ ಸದ್ಯ ಹೇಳುವುದಿಲ್ಲ. ಆಮೇಲೆ ಟ್ಯೂಬ್ ಮುಟ್ಟಬಾರದು.

ಹತ್ತು-ಹದಿನೈದು ನಿಮಿಷದಲ್ಲಿ ಜೀವಂತ ಯೀಸ್ಟ್ ಇರುವ ಟ್ಯೂಬಿನ ತಳ ಬಿಳುಚಲು ಶುರುವಾಗುತ್ತದೆ. ಬಿಳುಪು ಮೇಲೇರುತ್ತದೆ. ಕೊನೆಗೆ ಉಳಿಯುವುದು ಬಾಯಿಯ ಹತ್ತಿರ ಬೆರಳಗಲವೂ ಇಲ್ಲದ ಒಂದು ನೀಲಿ ಪಟ್ಟಿ, ಯಾಕೆಂದರೆ ಅಲ್ಲಿಗೆ ಗಾಳಿಯ ಆಮ್ಲಜನಕ ಸಿಗುತ್ತಲೇ ಇದೆ. ಟ್ಯೂಬ್ ಅಲ್ಲಾಡಿಸಿದರೆ ಪೂರ್ತಿ ನೀಲಿ ವಾಪಸ್! ಬಿಟ್ಟರೆ ಮತ್ತೆ ಬಿಳುಪು. ಕುದಿಸಿದ್ದು ಮಾತ್ರ ಹಾಗೇ ನೀಲಿಯಾಗಿ ನಿಂತಿರುತ್ತದೆ. ಸಕ್ಕರೆಯಿಂದ ಯೀಸ್ಟ್ ಕಿತ್ತ ಎಲೆಕ್ಟ್ರಾನ್ ಬಣ್ಣಕ್ಕೆ ಹೋಗಿ ಅದು ಬಿಳುಚಿದೆ, ಆಮ್ಲಜನಕ ಅದನ್ನು ವಾಪಸ್ ಕಿತ್ತರೆ ಮತ್ತೆ ನೀಲಿ ಅಂತ ಆಗ ಹೇಳಿದರೆ ಮಕ್ಕಳಿಗೆ ತಲೆಗೆ ಹೋಗುತ್ತದೆ. ಆಮ್ಲಜನಕ ಇಲ್ಲದಾಗ ಒಂದು ಗ್ಲೂಕೋಸಿಗೆ 2 ಎಟಿಪಿ (ಕೋಶ ಶಕ್ತಿಗೆ ಬಳಸುವ ಅಣು), ಇದ್ದರೆ 30ರ ಮೇಲೆ ಅನ್ನುವುದೂ ಸುಮ್ನೆ ಬಾಯಿಪಾಠ ಅಂತ ಅನಿಸುವುದಿಲ್ಲ.

ಅದೇ ಎರಡು ಟ್ಯೂಬಿನಿಂದ ಒಂದೊಂದು ಹನಿ ಸ್ಲೈಡಿಗೆ. ಸತ್ತ ಕೋಶಗಳು ಗಾಢ ನೀಲಿ, ಬದುಕಿದ್ದವು ಬಣ್ಣವಿಲ್ಲದೆ ಹೊಳೆಯುತ್ತಿರುತ್ತವೆ, ಕೆಲವಕ್ಕೆ ಮೊಗ್ಗೂ (ಹುಟ್ಟುತ್ತಿರುವ ಮರಿಕೋಶ) ಇರುತ್ತದೆ. ಟ್ಯೂಬಿನಲ್ಲಿ ನೋಡಿದ್ದೇ ಒಂದೊಂದು ಕೋಶದಲ್ಲೂ ಕಾಣುತ್ತದೆ. ಕೋಶದ ಪಾಠ, ಉಸಿರಾಟದ ಪಾಠ ಎರಡೂ ಒಂದೇ ಬಣ್ಣದಲ್ಲಿ ಮುಗಿಯಿತು. ಆ ಹಿರಿಯರು ಈಗ ತಮ್ಮ ಬ್ಯಾಚಿಗೂ ಇದನ್ನೇ ಮಾಡಿಸುತ್ತಾರೆ. ನನಗೆ ಅದು ತುಂಬ ಖುಷಿ.

ಕರಾವಳಿಯ ಇಡ್ಲಿಯಂಥ ತಿಂಡಿ ಸನ್ನಕ್ಕೆ ಹಾಕುವ ಕಳ್ಳು ತಂದು ಮನೆಯಲ್ಲಿ ನೋಡಿದೆ. ಬಣ್ಣ ಬೇಗ ಹೋಯಿತು, ಆದರೆ ಅದರಲ್ಲಿ ಯೀಸ್ಟ್ ಜೊತೆ ಬ್ಯಾಕ್ಟೀರಿಯಾವೂ ಜಾಸ್ತಿ, ಯಾರು ಏನು ಮಾಡಿದರು ಅಂತ ಹೇಳಲಾಗದು. ಕಾಲೇಜಿಗಂತೂ ಒಯ್ಯುವ ಹಾಗಿಲ್ಲ ಅಲ್ವಾ? ಯೀಸ್ಟ್ ಇಂಗಾಲದ ಡೈಆಕ್ಸೈಡ್ ಬಿಡುವುದನ್ನೂ ತೋರಿಸಬಹುದು, ಅದಕ್ಕೆ ಬೇಕಾದ ಸುಣ್ಣದ ತಿಳಿನೀರಿಗೆ ಬೀಡಾ ಅಂಗಡಿಯ ಸುಣ್ಣವೇ ಸಾಕು. ರಾತ್ರಿ ಕಲಸಿಟ್ಟು ಬೆಳಿಗ್ಗೆ ಮೇಲಿನ ತಿಳಿ ಬಸಿದರೆ ಆಯಿತು. ಮೆಡಿಕಲ್‌ನ ಡ್ರಿಪ್ ಟ್ಯೂಬಲ್ಲಿ ಯೀಸ್ಟಿನ ಗಾಳಿ ಬಿಟ್ಟರೆ ಹಾಲಿನ ಹಾಗೆ ಆಗುತ್ತದೆ.

ಒಬ್ಬಳು ಹುಡುಗಿ ಕೇಳಿದಳು, "ಸರ್, ಕೋಶ ಒಡೆದರೂ ಇದು ಆಗ್ತದಾ?" 1897ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಬುಖ್ನರ್‌ಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಇದಕ್ಕೇ ಉತ್ತರ. ಯೀಸ್ಟ್ ಅರೆದು ಹಿಂಡಿದ ರಸವೂ ಸಕ್ಕರೆ ಹುಳಿಸುತ್ತದೆ ಅಂತ ತೋರಿಸಿ, 1907ರಲ್ಲಿ ನೊಬೆಲ್ ಪಡೆದ. ನಾವೂ ಮರಳು ಹಾಕಿ ಅರೆದೆವು. ಸ್ಲೈಡಿನಲ್ಲಿ ನೋಡಿದರೆ ಇಡೀ ಕೋಶಗಳು ಇನ್ನೂ ಬೇಕಾದಷ್ಟಿದ್ದವು, ಹಾಗಾಗಿ ಬಣ್ಣ ಹೋದದ್ದಕ್ಕೆ ಅರ್ಥ ಕಟ್ಟಲಿಲ್ಲ. ಮುಂದಿನ ಸಲಕ್ಕೆ ಸೋಸುವ ದಾರಿ ಹುಡುಕುತ್ತಿದ್ದೇನೆ, ಯಾರಾದರೂ ಕಡಿಮೆ ಖರ್ಚಿನಲ್ಲಿ ಮಾಡಿದ್ದರೆ ತಿಳಿಸಿ. ಮತ್ತೆ, ಯೀಸ್ಟ್ ಟ್ಯೂಬಿಗೆ ಬಿರಡೆ ಬಿಗಿಯಾಗಿ ಹಾಕಿ ಇಡಬೇಡಿ, ಹಾರುತ್ತದೆ.